ಬಸದಿಗೆ ಮಾಡು ಕಲಿಸಿದ ಮನೆಗಳು

ತುಳುನಾಡಿನಲ್ಲಿ ಊರಿನ ಹೆಸರಿನಲ್ಲಿ ‘ಪದವು’ ಇದ್ದರೆ ಅಲ್ಲಿಯ ನೆಲ ಎಂಥದೆಂದು ಮತ್ತೆ ಕೇಳಬೇಕಾಗಿಲ್ಲ. ವಾಮದಪದವು, ಬೆಂಜನಪದವು, ಪದವಿನಂಗಡಿ, ಎಲ್ಲ ಕಡೆಯೂ ಗುಡ್ಡದ ನೆತ್ತಿಯನ್ನು ಯಾರೋ ಕತ್ತಿಯಿಂದ ಸವರಿದಂಥ ಸಪಾಟು ಬಯಲು. ಮಳೆಗಾಲದಲ್ಲಿ ಮೊಣಕಾಲುದ್ದ ಹುಲ್ಲು, ಬೇಸಗೆಯಲ್ಲಿ ಕಾದ ಕಾವಲಿಯಂಥ ಕೆಂಪು ಹಾಸು. ಆ ಹಾಸನ್ನು ಕಡಿದರೆ ಬರುವುದೇ ಮುರಕಲ್ಲು. ನೆಲದೊಳಗೆ ಇರುವಾಗ ಮೆತ್ತಗೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. 1800-01ರಲ್ಲಿ ಈ ಕರಾವಳಿಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪುರಂನಲ್ಲಿ ಇದೇ ಕಲ್ಲನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ನೋಡಿ, ಇಟ್ಟಿಗೆಗಿರುವ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂಬ ಹೆಸರು ಕಟ್ಟಿದ. ಇಂದು ಪ್ರಪಂಚದ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಓಡಾಡುವ ಆ ಹೆಸರು ಹುಟ್ಟಿದ್ದು ಹೀಗೆ, ನಮ್ಮ ಕರಾವಳಿಯ ಗೋಡೆಯ ಕಲ್ಲೊಂದರಿಂದ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳು ಒಂದಕ್ಕೊಂದು ತಾಗುವ ಈ ಸೀಮೆಯಲ್ಲಿ ಹಳೆಯ ಕಟ್ಟಡಗಳ ಮಾತೆತ್ತುವವರು ಸಾಮಾನ್ಯವಾಗಿ ಮೂಡುಬಿದಿರೆಯ ಬಸದಿಗಳಿಗೋ ವೇಣೂರಿನ ಬಾಹುಬಲಿಗೋ ಕೈತೋರಿಸುತ್ತಾರೆ. ತಪ್ಪೇನಿಲ್ಲ. ಆದರೆ ಆ ಬಸದಿಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅವುಗಳ ಸುತ್ತಲಿನ ಹೆಂಚಿನ ಮನೆಗಳಿಂದ ಶುರು ಮಾಡಬೇಕು ಎಂಬುದು ನನ್ನ ವಾದ. ಇಲ್ಲಿ ಗುಡಿ ಮನೆಗೆ ಮಾದರಿಯಾಗಲಿಲ್ಲ, ಮನೆಯೇ ಗುಡಿಗೆ ಮಾದರಿಯಾಯಿತು. ನಾವು ಕಾಪಾಡುತ್ತಿರುವುದು ನಕಲನ್ನು. ಮೂಲಪ್ರತಿ ಜೆಸಿಬಿಯ ಬಾಯಿಗೆ ಹೋಗುತ್ತಿದೆ.

ಸಾಕ್ಷ್ಯಕ್ಕೆ ಮೂಡುಬಿದಿರೆಗೇ ಹೋಗೋಣ. ಹದಿನೆಂಟು ಬಸದಿಗಳ ಈ ಪೇಟೆಯಲ್ಲಿ ಎಲ್ಲಕ್ಕೂ ದೊಡ್ಡದು ತ್ರಿಭುವನ ತಿಲಕ ಚೂಡಾಮಣಿ ಬಸದಿ. ಜನರ ಬಾಯಲ್ಲಿ ಸಾವಿರ ಕಂಬದ ಬಸದಿ. ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ, 1430ರ ಸುಮಾರಿಗೆ ಎದ್ದದ್ದು. ಎದುರಿಗೆ ಮಾನಸ್ತಂಭ, ಅದರ ಹಿಂದೆ ಮೂರು ಅಂತಸ್ತಿನ ಕಟ್ಟಡ. ನೆಲದ ಅಂತಸ್ತು ಕಲ್ಲಿನದು, ಮೇಲಿನ ಎರಡು ಮರದವು. ಒಂದೇ ಕಟ್ಟಡದಲ್ಲಿ ಕಲ್ಲೂ ಮರವೂ ಹೀಗೆ ಒಂದರ ಮೇಲೊಂದು ಕುಳಿತಿರುವುದನ್ನು ಬೇಲೂರು ಹಳೇಬೀಡುಗಳಿಗೆ ಹೊಂದಿದ ಕಣ್ಣು ತಕ್ಷಣ ಒಪ್ಪಿಕೊಳ್ಳುವುದಿಲ್ಲ. ಗೋಪುರ ಎಲ್ಲಿ, ಶಿಖರ ಎಲ್ಲಿ ಎಂದು ಹುಡುಕುತ್ತದೆ. ಇಲ್ಲಿ ಇರುವುದು ಮಾಡು: ನಾಲ್ಕೂ ಕಡೆಗೆ ಇಳಿದ, ಗೋಡೆಯನ್ನು ದಾಟಿ ಬಹುದೂರ ಚಾಚಿದ ಮಾಡು. ಸುತ್ತಲೂ ಜಗಲಿ, ಜಗಲಿಯ ಅಂಚಿಗೆ ಕಂಬಗಳ ಸಾಲು. ಭಟ್ಕಳದಿಂದ ಮೂಡುಬಿದಿರೆಯ ತನಕ ಈ ಬಗೆಯ ಕಲ್ಲು ಕಟ್ಟಡಗಳಲ್ಲಿ ಮಾಡಿಗೆ ಹೊದಿಸಿದ ಚಪ್ಪಡಿಗಳನ್ನು ಗಮನಿಸಬೇಕು. ಎರಡು ಚಪ್ಪಡಿ ಕೂಡುವ ಸಂದಿಯ ಮೇಲೆ ಉದ್ದನೆಯ ಕಲ್ಲಿನ ಪಟ್ಟಿಯೊಂದನ್ನು ಕೂರಿಸಿರುತ್ತಾರೆ, ನೀರು ಒಳಗಿಳಿಯದಿರಲೆಂದು. ಹಲಗೆ ಹೊದಿಸಿದ ಮಾಡಿನಲ್ಲಿ ಆಚಾರಿ ಮಾಡುವ ಕೆಲಸವೇ ಇದು. ಹಲಗೆಯ ಸಂದಿಗೆ ಮರದ ಪಟ್ಟಿ. ಕಲ್ಲಿನವನು ಮರದವನ ಕೈಯನ್ನು ನೋಡಿ ಕಲಿತದ್ದು ಇಲ್ಲಿ ಬಚ್ಚಿಡಲಾಗದಂತೆ ಕಾಣುತ್ತದೆ. ಕಾರ್ಕಳದ ಚತುರ್ಮುಖ ಬಸದಿ, 1586ರದು, ಪೂರ್ತಿ ಕರಿಕಲ್ಲಿನದು, ಒಂದು ತುಂಡು ಮರವೂ ಬೇಕಿಲ್ಲದ ಕಟ್ಟಡ. ಅದರ ಮಾಡೂ ಇಳಿಜಾರಾಗಿಯೇ ಇದೆ, ಜಗಲಿ ಸುತ್ತಲೂ ಇದೆ. ಕಲ್ಲಿಗೆ ಆ ಆಕಾರ ಅನಿವಾರ್ಯವಾಗಿರಲಿಲ್ಲ. ಅಭ್ಯಾಸದಿಂದ ಬಂದದ್ದು, ಮನೆಯಿಂದ ಬಂದದ್ದು.

ಈ ಮಾತಿಗೆ ಹಳೆಯ ಆಕ್ಷೇಪವೊಂದಿದೆ. ಭಾರತೀಯ ವಾಸ್ತುವಿನ ಚರಿತ್ರೆಯನ್ನು 1876ರಲ್ಲಿ ಬರೆದ ಜೇಮ್ಸ್ ಫರ್ಗ್ಯುಸನ್ ಮೂಡುಬಿದಿರೆಯ ಬಸದಿಗಳ ಬಗ್ಗೆ ಹೇಳುತ್ತ, ಇವುಗಳ ಹತ್ತಿರದ ನಂಟರು ದಕ್ಷಿಣ ಭಾರತದಲ್ಲಿ ಇಲ್ಲ, ನೇಪಾಳದಲ್ಲಿ ಇದ್ದಾರೆ ಎಂಬ ಅಭಿಪ್ರಾಯಕ್ಕೆ ಬಂದ. ಅಂದಿನಿಂದ ‘ನೇಪಾಳ ಶೈಲಿಯ ಬಸದಿ’ ಎಂಬ ಮಾತು ಪ್ರವಾಸಿ ಕೈಪಿಡಿಗಳಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ದೂರದಿಂದ ಬಂದ ಪ್ರಭಾವ ಸುಳ್ಳೆಂದು ಹೇಳಲಾರೆ. ಇದು ಕಡಲ ವ್ಯಾಪಾರದ ಹಣ ಹರಿದ ಊರು. ಸಾವಿರ ಕಂಬದ ಬಸದಿಯ ಭೈರಾದೇವಿ ಮಂಟಪದ ಅಡಿಪಟ್ಟಿಯಲ್ಲಿ ಜಿರಾಫೆಯೂ ಚೀನಾದ ಡ್ರ್ಯಾಗನ್ನೂ ಕೆತ್ತಿಸಿಕೊಂಡ ಜನಕ್ಕೆ ಪರದೇಶ ಹೊಸದಾಗಿರಲಿಲ್ಲ. ಆದರೆ ಪರದೇಶದಿಂದ ಪ್ರಾಣಿಯ ಚಿತ್ರ ಬರುವುದು ಬೇರೆ, ಮಾಡಿನ ಇಳಿಜಾರು ಬರುವುದು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ ಮುಗಿಯುವ ಮಳೆಯೇ ಹೆಚ್ಚಾಗಿ, ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಜಿಲ್ಲೆಯಲ್ಲಿ ಇಳಿಜಾರು ಮಾಡನ್ನು ಕಠ್ಮಂಡುವಿಗೆ ಹೋಗಿ ಕಲಿಯುವ ಕಷ್ಟ ಯಾರಿಗೂ ಬೇಕಿರಲಿಲ್ಲ. ಮುಳಿಹುಲ್ಲು ಹೊದಿಸಿದ ಗುಡಿಸಲೇ ಅದನ್ನು ಹೇಳಿಕೊಡುತ್ತಿತ್ತು. ಮಳೆಯ ಎರಡು ನಾಡುಗಳು, ಮರ ಧಾರಾಳವಾಗಿದ್ದ ಎರಡು ನಾಡುಗಳು, ಒಂದೇ ಲೆಕ್ಕಕ್ಕೆ ಒಂದೇ ಉತ್ತರ ಬರೆದವು ಅಷ್ಟೆ. ಸ್ವತಃ ಫರ್ಗ್ಯುಸನ್ನನೇ ಈ ಕಟ್ಟಡಗಳ ಹಿಂದೆ ಮರದ ಕಟ್ಟಡಗಳ ನೆರಳನ್ನು ಕಂಡಿದ್ದ. ನೆರಳು ಕಂಡವನಿಗೆ ಮರ ಪಕ್ಕದ ಬೈಲಿನಲ್ಲೇ ಇದೆ ಎಂದು ತೋರಿಸುವವರು ಇರಲಿಲ್ಲವೇನೋ. ಇಷ್ಟಕ್ಕೂ ಈ ಸೀಮೆಯಲ್ಲಿ ಮಾಡಿಲ್ಲದೆ ಮಳೆಗೆ ಮೈಯೊಡ್ಡಿ ನಿಂತವನು ಬಾಹುಬಲಿ ಒಬ್ಬನೇ. ವೇಣೂರಿನಲ್ಲಿ ಅಜಿಲರ ತಿಮ್ಮಣ್ಣ 1604ರಲ್ಲಿ ನಿಲ್ಲಿಸಿದ 35 ಅಡಿಯ ಆ ಮೂರ್ತಿಗೆ ಅದು ತಪಸ್ಸು. ಮನುಷ್ಯರಿಗೂ ಉಳಿದ ದೇವರುಗಳಿಗೂ ಸೂರು ಬೇಕೇ ಬೇಕು.

ಬಸದಿಗೆ ಮಾದರಿಯಾದ ಆ ಮನೆ ಎಂಥದು? ಪದವು ಇಳಿದು ಬೈಲು ಶುರುವಾಗುವ ಅಂಚಿನಲ್ಲಿ, ಗದ್ದೆಗೆ ಮುಖ ಮಾಡಿ, ಗುಡ್ಡಕ್ಕೆ ಬೆನ್ನು ಕೊಟ್ಟು ಕುಳಿತದ್ದು. ಕಲ್ಲು ಮೇಲಿನ ಪದವಿನಿಂದ, ಗೋಡೆಗೆ ಬಳಿಯುವ ಮಣ್ಣು ಅಂಗಳದ ಪಕ್ಕದಿಂದ, ಸುಣ್ಣ ಹೊಳೆ-ಕಡಲಿನ ಚಿಪ್ಪಿನಿಂದ, ಮರ ಹಿತ್ತಲಿನ ಹಲಸಿನಿಂದ ಇಲ್ಲವೆ ಕಾಡಿನ ಕಿರಾಲ್‌ಬೋಗಿ, ಸಾಗುವಾನಿಯಿಂದ. ಗುತ್ತು, ಬೀಡು ಎಂದು ಕರೆಸಿಕೊಂಡ ದೊಡ್ಡ ಮನೆಗಳಲ್ಲಿ ಹೆಬ್ಬಾಗಿಲು, ಅಂಗಳ, ಚಾವಡಿ, ನಡುವೆ ಆಕಾಶಕ್ಕೆ ತೆರೆದ ಸುತ್ತಿನ ಅಂಗಳ, ಮೇಲೆ ಉಪ್ಪರಿಗೆ. ಚಾವಡಿಯ ಕಂಬ, ದಾರಂದ, ಮರದ ಮುಚ್ಚಿಗೆ, ಇವುಗಳಲ್ಲಿ ಆಚಾರಿ ತನ್ನ ಕೈಚಳಕವನ್ನೆಲ್ಲ ಸುರಿಯುತ್ತಿದ್ದ. ಅದರ ತುತ್ತತುದಿ ನೋಡಬೇಕಿದ್ದರೆ ಮೂಡುಬಿದಿರೆಯ ಚೌಟರ ಅರಮನೆಗೆ ಹೋಗಬೇಕು. ರಾಣಿ ಅಬ್ಬಕ್ಕನ ಮನೆತನವಾದ ಚೌಟರು ಮೊದಲು ಉಳ್ಳಾಲ, ಪುತ್ತಿಗೆಗಳಲ್ಲಿದ್ದು ಕೊನೆಗೆ ಇಲ್ಲಿ ನೆಲೆಸಿದವರು. ಅರಮನೆ ಎಂಬ ಪದ ಕೇಳಿ ಮೈಸೂರನ್ನು ನೆನೆದು ಹೋದವರಿಗೆ ನಿರಾಸೆಯಾದೀತು. ಅದು ದೊಡ್ಡದೊಂದು ಮನೆ, ಅಷ್ಟೆ. ಆದರೆ ಅದರ ಮರದ ಕಂಬಗಳಲ್ಲಿ ಒಂಬತ್ತು ಹೆಣ್ಣುಗಳು ಹೆಣೆದುಕೊಂಡು ಆನೆಯಾಗುವ ನವನಾರೀ ಕುಂಜರ, ಐವರು ಸೇರಿ ಕುದುರೆಯಾಗುವ ಪಂಚನಾರೀ ತುರಗ ಇವೆ. ಬಸದಿಯ ಕಂಬದ ಕೆತ್ತನೆಗೂ ಇದಕ್ಕೂ ಇರುವ ನಂಟು ಒಂದೇ ಕಸುಬಿನವರದು. ಊರಿನ ಅಂಚಿನ ಕೊಡಂಗಲ್ಲಿನಲ್ಲಿರುವ ಜೈನ ಸಮಾಧಿಗಳನ್ನು ನೋಡಿದರೆ ವಾದಕ್ಕೆ ಮತ್ತೊಂದು ಬೆಂಬಲ ಸಿಗುತ್ತದೆ: ಒಳಗೆ ಯಾರೂ ವಾಸಿಸದ, ಮಳೆ ತಪ್ಪಿಸಿಕೊಳ್ಳುವ ಅಗತ್ಯವೇ ಇಲ್ಲದ ಆ ಕಟ್ಟೆಗಳಿಗೂ ಹಂತ ಹಂತವಾಗಿ ಇಳಿಜಾರು ಮಾಡಿನ ಆಕಾರವನ್ನೇ ಕೊಟ್ಟಿದ್ದಾರೆ. ಸತ್ತ ಮೇಲೂ ಮನೆಯಂಥದೊಂದು ಬೇಕೆನಿಸಿತ್ತು.

‘ಮೂಲಪ್ರತಿ’ ಎನ್ನುತ್ತೀರಿ, ಆದರೆ ಈಗ ಉಳಿದಿರುವ ಹೆಂಚಿನ ಮನೆಗಳ ವಯಸ್ಸು ಎಷ್ಟು, ಹೆಚ್ಚೆಂದರೆ ನೂರು ನೂರೈವತ್ತು ವರ್ಷ. ಆ ಹೆಂಚಾದರೂ ನಮ್ಮದೇ? ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಮಂಗಳೂರು ಹೆಂಚು ಎಂದು ಊರಿನ ಹೆಸರು ಹೊತ್ತು ಮೆರೆದ ಹೆಂಚಿನ ಅಚ್ಚು ಮಂಗಳೂರಿನದಲ್ಲ. ಒಂದು ಇನ್ನೊಂದಕ್ಕೆ ಕಚ್ಚಿಕೊಳ್ಳುವ ಚಪ್ಪಟೆ ಹೆಂಚನ್ನು 1841ರಲ್ಲಿ ಫ್ರಾನ್ಸಿನ ಆಲ್ಸಾಸ್ ಪ್ರಾಂತದ ಗಿಲಾರ್ಡೋನಿ ಸಹೋದರರು ರೂಪಿಸಿದರು. ಬಾಸೆಲ್ ಮಿಷನ್ನಿನ ಗೇಯಾರ್ಗ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ. ಮೂರೇ ವರ್ಷದಲ್ಲಿ ಆಲ್ಬುಕರ್ಕ್ ಮನೆತನದ ಕಾರ್ಖಾನೆಯೂ ಎದ್ದಿತು. ನೇತ್ರಾವತಿ, ಫಲ್ಗುಣಿ ದಂಡೆಯ ಜೇಡಿ, ಅಗ್ಗದ ಸೌದೆ, ಸಾಗಿಸಲು ದೋಣಿ, ಎಲ್ಲ ಇಲ್ಲೇ ಸಿಕ್ಕವು. ಅದಕ್ಕೆ ಮುಂಚೆ ಬಡವರ ಮನೆಗೆ ಮುಳಿಹುಲ್ಲು, ಅಡಿಕೆ ಸೋಗೆ, ತೆಂಗಿನ ಮಡಲು; ಅನುಕೂಲಸ್ಥರಿಗೆ ಕುಂಬಾರ ಮಾಡಿದ ನಾಡಹೆಂಚು. ಆದರೆ ಹೆಂಚು ಬಂದಾಗ ಬದಲಾದದ್ದು ಹೊದಿಕೆ, ಮಾಡಲ್ಲ. ಪಕ್ಕಾಸು, ರೀಪು, ಜಂತಿಗಳ ಕಟ್ಟು ಹಾಗೇ ಇತ್ತು; ಇಳಿಜಾರು ಇತ್ತು; ಚಾಚಿದ ಸೂರು ಇತ್ತು. ಪರದೇಶದ ಹೆಂಚು ಇಲ್ಲಿ ಇಷ್ಟು ಬೇಗ ಒಗ್ಗಿದ್ದೇ ಅದನ್ನು ಹೊರಲು ಸಿದ್ಧವಾಗಿ ನಿಂತ ಮಾಡೊಂದು ಇದ್ದದ್ದರಿಂದ. ವಯಸ್ಸಿನ ಪ್ರಶ್ನೆಗೂ ಇದೇ ಉತ್ತರ. ಸಾವಿರ ಕಂಬದ ಬಸದಿಯ ಮೇಲಿನ ಮರದ ಅಂತಸ್ತನ್ನು ದುರಸ್ತಿಯೇ ಕಾಣದೆ ಆರು ಶತಮಾನ ಉಳಿಸಿಕೊಳ್ಳಲು ಈ ಮಳೆಯಲ್ಲಿ ಯಾವ ಮರಕ್ಕೂ ಸಾಧ್ಯವಿಲ್ಲ. ಜಪಾನಿನ ಇಸೆ ದೇಗುಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಬಿಚ್ಚಿ ಹೊಸ ಮರದಲ್ಲಿ ಕಟ್ಟುತ್ತಾರೆ, ಕೊನೆಯ ಸಲ 2013ರಲ್ಲಿ. ಅದನ್ನು ಯಾರೂ ಮೊನ್ನೆ ಮೊನ್ನೆಯ ಕಟ್ಟಡ ಎನ್ನುವುದಿಲ್ಲ. ಮಳೆಯ ನಾಡಿನಲ್ಲಿ ಕಟ್ಟಡದ ಹಳತನ ಮರದ ತುಂಡಿನಲ್ಲಿಲ್ಲ, ಅದನ್ನು ಬದಲಿಸುತ್ತ ಬಂದ ಕೈಗಳಲ್ಲಿದೆ.

ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ, ಅದನ್ನು ಮೆಲ್ಲಗೆ ಸರಿಸಿಬಿಡುವ ಬರಹಗಳೇ ಹೆಚ್ಚು. ಗುತ್ತಿನ ಮನೆ ಯಾರ ಬೆವರಿನಿಂದ ಎದ್ದಿತು? ಪದವಿನಿಂದ ಕಲ್ಲು ಹೊತ್ತವರಿಗೆ ಚಾವಡಿ ಹತ್ತುವ ಹಕ್ಕಿತ್ತೇ? ಗೇಣಿಯ ಅಕ್ಕಿ ಅಳೆದು ಹಾಕಿದ ಒಕ್ಕಲು ಅಂಗಳದ ಎಷ್ಟನೇ ಮೆಟ್ಟಿಲಿನಲ್ಲಿ ನಿಲ್ಲಬೇಕಿತ್ತು? ಆ ಮನೆಗಳು ಬಿದ್ದರೆ ಬೀಳಲಿ ಎನ್ನುವವರ ಮಾತಿನಲ್ಲಿ ಹಳೆಯ ಗಾಯವಿದೆ, ಅದು ಸುಳ್ಳು ಗಾಯವಲ್ಲ. ನಿಜಕ್ಕೂ ಈ ಮನೆಗಳ ಮಾಡು ಸೋರತೊಡಗಿದ್ದರಲ್ಲಿ ಒಂದು ನ್ಯಾಯದ ಕತೆಯೂ ಇದೆ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳುವ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅದನ್ನು ಮುಂದುವರಿಸಿತು. 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಗದ್ದೆ ಒಕ್ಕಲಿನ ಹೆಸರಿಗೆ ಹೋಯಿತು, ಗೇಣಿ ನಿಂತಿತು, ಹೆಂಚು ಬದಲಿಸಲು ಇದ್ದ ಹಣದ ಬುಗ್ಗೆ ಬತ್ತಿತು. ಹೀಗಾದದ್ದು ಒಳ್ಳೆಯದೇ ಆಯಿತು. ಆದರೆ ಇದರಿಂದ ಮನೆ ಬೀಳಲಿ ಎಂಬ ತೀರ್ಮಾನ ಹೊರಡುವುದಿಲ್ಲ. ಯಾರು ಎಲ್ಲಿ ನಿಲ್ಲಬೇಕಿತ್ತು ಎಂಬುದಕ್ಕೆ ಆ ಮೆಟ್ಟಿಲುಗಳೇ ಸಾಕ್ಷಿ. ಅವನ್ನು ಕಿತ್ತು ಹಾಕಿದರೆ ಮೊದಲು ಅಳಿಯುವುದು ಒಕ್ಕಲಿನ ಚರಿತ್ರೆ, ಒಡೆಯನದಲ್ಲ. ಒಡೆಯನಿಗೆ ತಾಳೆಗರಿ, ಶಾಸನ, ವಂಶಾವಳಿ ಎಲ್ಲ ಇವೆ. ಕಲ್ಲು ಕಡಿದವನಿಗೆ, ಕಂಬ ಕೆತ್ತಿದವನಿಗೆ ಇರುವ ದಸ್ತಾವೇಜು ಆ ಗೋಡೆ, ಆ ಕಂಬ ಮಾತ್ರ. ಹಾಗೆ ನೋಡಿದರೆ ನಮ್ಮ ನಷ್ಟದ ಪಟ್ಟಿಯಲ್ಲಿ ಮೊದಲ ಸಾಲು ಗುತ್ತಿನ ಮನೆಯದಲ್ಲ, ಮುಳಿಹುಲ್ಲಿನ ಸಣ್ಣ ಮನೆಗಳದು. ಬಸದಿಗೆ ಮಾಡು ಕಲಿಸಿದ ನಿಜವಾದ ಗುರು ಅದೇ, ಮತ್ತು ಈಗ ಹುಡುಕಿದರೂ ಸಿಗುವುದು ಕಷ್ಟ.

ಇನ್ನು ಖರ್ಚಿನ ಮಾತು. ಹೆಂಚಿನ ಮನೆಯಲ್ಲಿ ಬಾಳುವುದು ಚಿತ್ರದಲ್ಲಿ ನೋಡಿದಷ್ಟು ಸೊಗಸಲ್ಲ. ಮಂಗ ಹಾರಿ ಹೆಂಚು ಒಡೆಯುತ್ತದೆ, ಗೆದ್ದಲು ರೀಪು ತಿನ್ನುತ್ತದೆ, ಮಳೆಯ ಎರಚಲಿಗೆ ಗೋಡೆ ನೆನೆಯದಂತೆ ತಟ್ಟಿ ಕಟ್ಟಬೇಕು, ಮಳೆಗಾಲಕ್ಕೆ ಮುನ್ನ ಮಾಡು ಹತ್ತಿ ಹೆಂಚು ಕೈಯಾಡಿಸಬೇಕು. ಹತ್ತುವ ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಕೈಗೆ ಎಟಕುವುದಿಲ್ಲ, ಮರ ಕಡಿಯಲು ಪರವಾನಗಿ ಬೇಕು. ಮಕ್ಕಳು ಮುಂಬಯಿಯಲ್ಲೋ ದುಬಾಯಿಯಲ್ಲೋ ಇದ್ದು, ಇಬ್ಬರು ಮುದುಕರಷ್ಟೇ ಉಳಿದ ಹದಿನಾಲ್ಕು ಕೋಣೆಯ ಮನೆಯನ್ನು ಕೆಡವಿ ಎರಡು ಕೋಣೆಯ ಟೆರೇಸ್ ಮನೆ ಕಟ್ಟುವವರನ್ನು ಬೈಯುವ ಹಕ್ಕು ಹೊರಗಿನವರಿಗೆ ಯಾರಿಗೂ ಇಲ್ಲ. ಆದರೆ ಟೆರೇಸು ಈ ಖರ್ಚನ್ನು ನಿಜವಾಗಿ ತಪ್ಪಿಸಿತೇ ಎಂಬುದನ್ನು ಲೆಕ್ಕ ಹಾಕಬಹುದು. ಬಂಟ್ವಾಳದಿಂದ ಮೂಡುಬಿದಿರೆಗೆ ಬಸ್ಸಿನಲ್ಲಿ ಕುಳಿತು ಎರಡೂ ಬದಿ ನೋಡುತ್ತ ಹೋದರೆ ಸಾಕು. ಕಾಂಕ್ರೀಟು ಮನೆಗಳ ಸಪಾಟು ನೆತ್ತಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಇಳಿಜಾರಾಗಿ ಶೀಟು ಹೊದಿಸಿದ್ದಾರೆ. ಒಂದೆರಡಲ್ಲ, ಸಾಲು ಸಾಲು. ನಾಲ್ಕು ತಿಂಗಳು ನೀರು ನಿಂತು ಸ್ಲ್ಯಾಬು ಜಿನುಗಿದ ಮೇಲೆ, ಬೇಸಗೆಯಲ್ಲಿ ಕಾದ ಸ್ಲ್ಯಾಬಿನಡಿ ನಿದ್ದೆ ಬಾರದೆ ಹೊರಳಾಡಿದ ಮೇಲೆ, ಮನೆಯೊಡೆಯ ಎರಡನೇ ಸಲ ಸಾಲ ಮಾಡಿ ಮಾಡು ಹಾಕಿಸಿದ್ದಾನೆ. ಯಾವ ವಾಸ್ತುತಜ್ಞನೂ ಉಪದೇಶ ಮಾಡಲಿಲ್ಲ, ಮಳೆಯೇ ಮಾಡಿತು. ಅಂದರೆ ಪ್ರಶ್ನೆ ‘ಹಳೆಯ ಮಾಡೋ ಹೊಸ ಸ್ಲ್ಯಾಬೋ’ ಎಂಬುದಲ್ಲ. ಸ್ಲ್ಯಾಬಿಗೂ ದುಡ್ಡು ಕೊಟ್ಟು, ಮಾಡಿಗೂ ದುಡ್ಡು ಕೊಟ್ಟು, ನಡುವೆ ಹಲಸಿನ ಕಂಬಗಳನ್ನು ಗುಜರಿಗೆ ಕೊಟ್ಟದ್ದು ಎಂಥ ಉಳಿತಾಯ ಎಂಬುದು.

ಕಾನೂನು ಇದೆಯಲ್ಲ ಎನ್ನುವವರು ಕಾನೂನು ಏನು ಮಾಡುತ್ತದೆಂದು ನೋಡಬೇಕು. 1958ರ ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯಿದೆ ದೊಡ್ಡ ಗುಡಿ, ಕೋಟೆಗಳನ್ನು ಕಾಯುತ್ತದೆ. 2010ರ ತಿದ್ದುಪಡಿ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡವನ್ನೇ ನಿಷೇಧಿಸಿ, ಅದರಾಚೆಯ 200 ಮೀಟರಿಗೆ ಅನುಮತಿಯ ಕಟ್ಟು ಹಾಕಿದೆ. ಸ್ಮಾರಕ ಉಳಿಯುತ್ತದೆ, ನಿಜ. ಆದರೆ ಆ ವರ್ತುಲದೊಳಗಿನ ಮನೆಯವನು ಒಂದು ಗೋಡೆ ದುರಸ್ತಿಗೂ ಕಚೇರಿ ಅಲೆಯಬೇಕಾಗುತ್ತದೆ, ‘ಪರಂಪರೆ’ ಎಂಬ ಪದ ಕೇಳಿದರೆ ಹೆದರುತ್ತಾನೆ. ತನ್ನ ಮನೆಗೆ ಆ ಹೆಸರು ಬರುವ ಮೊದಲೇ ಕೆಡವಿಬಿಡೋಣ ಎಂದುಕೊಂಡರೆ ಆಶ್ಚರ್ಯವಿಲ್ಲ. ಅಮೆರಿಕದವರು ಬೇರೆ ದಾರಿ ಹಿಡಿದರು. ಅಲ್ಲಿಯ 1966ರ ಸಂರಕ್ಷಣಾ ಕಾಯಿದೆಯ ಪಟ್ಟಿಗೆ ಸೇರಿದ ಮಾತ್ರಕ್ಕೆ ಖಾಸಗಿ ಮನೆಯೊಡೆಯನ ಕೈ ಕಟ್ಟಿಹೋಗುವುದಿಲ್ಲ. ಬದಲಿಗೆ, ಆದಾಯ ತರುವ ಹಳೆಯ ಕಟ್ಟಡವನ್ನು ಅದರ ಗುಣ ಕೆಡದಂತೆ ದುರಸ್ತಿ ಮಾಡಿದರೆ ಖರ್ಚಿನ ಶೇ. 20ರಷ್ಟು ತೆರಿಗೆಯಲ್ಲಿ ಬಿಡುತ್ತಾರೆ. 1977ರಲ್ಲಿ ಶುರುವಾದ ‘ಮೇನ್ ಸ್ಟ್ರೀಟ್’ ಯೋಜನೆ ಸಣ್ಣ ಪಟ್ಟಣಗಳ ಅಂಗಡಿ ಬೀದಿಯನ್ನೇ ಒಂದು ಘಟಕವೆಂದು ಎಣಿಸಿತು. ಇಲಿನಾಯ್‌ನ ಗಲೀನಾ ಎಂಬ ಪುಟ್ಟ ಪಟ್ಟಣ ಸೀಸದ ಗಣಿಯಿಂದ ಮೆರೆದು, ಗಣಿ ಬತ್ತಿ, ಹೊಳೆ ಹೂಳು ತುಂಬಿ, ವ್ಯಾಪಾರ ಬಿದ್ದುಹೋದ ಊರು. ಕೆಡವಿ ಹೊಸದು ಕಟ್ಟಲು ಯಾರಲ್ಲೂ ಹಣವಿರದ ಕಾರಣಕ್ಕೇ ಹತ್ತೊಂಬತ್ತನೇ ಶತಮಾನದ ಬೀದಿ ಹಾಗೇ ಉಳಿಯಿತು. ಈಗ ಊರು ಬದುಕುವುದೇ ಆ ಬೀದಿಯನ್ನು ನೋಡಲು ಬರುವವರಿಂದ.

ನಮ್ಮಲ್ಲೂ ಅಂಥದೇ ಒಂದು ಬೀದಿಯಿದೆ. ನೇತ್ರಾವತಿಯ ದೋಣಿ ವ್ಯಾಪಾರದಿಂದ ಬೆಳೆದ ಬಂಟ್ವಾಳ ಪೇಟೆ 1923ರ ನೆರೆಯನ್ನೂ 1974ರ ನೆರೆಯನ್ನೂ ಕಂಡದ್ದು. ದೋಣಿ ಹೋಗಿ ಲಾರಿ ಬಂದಾಗ ವ್ಯಾಪಾರ ಹೆದ್ದಾರಿಯ ಬಿ.ಸಿ. ರೋಡಿಗೆ ಸರಿಯಿತು, ಹಳೆಯ ಪೇಟೆ ಪಕ್ಕಕ್ಕೆ ಉಳಿಯಿತು. ಕೆಳಗೆ ಅಂಗಡಿ, ಮೇಲೆ ಮನೆ, ಮರದ ಹಲಗೆಯ ಬಾಗಿಲು, ಬೀದಿಗೆ ಚಾಚಿದ ಸೂರು: ಗಲೀನಾದ ಬೀದಿಗಿಂತ ಇದು ಯಾವುದರಲ್ಲಿ ಕಡಿಮೆ? ಪ್ರವಾಸಿಗರು ಬಂದರೆ ಊರು ಬೊಂಬೆಯಂಗಡಿಯಾಗುತ್ತದೆ ಎಂಬ ಭಯಕ್ಕೆ ಕಾರಣವಿದೆ, ಆದರೆ ಈಗಿನ ಗತಿಯಲ್ಲಿ ಬೊಂಬೆಯಾಗಲಿಕ್ಕೂ ಏನೂ ಉಳಿಯುವ ಹಾಗಿಲ್ಲ. ಮ್ಯೂಸಿಯಂ ಮಾಡಿದರಾಯಿತು ಎಂಬ ಸಮಾಧಾನವೂ ಅರ್ಧ ಸಮಾಧಾನವೇ. ಮಣಿಪಾಲದ ಹೆರಿಟೇಜ್ ವಿಲೇಜಿನಲ್ಲಿ ವಿಜಯನಾಥ ಶೆಣೈ ಹಳೆಯ ಮನೆಗಳನ್ನು ಕಳಚಿ ತಂದು ಮತ್ತೆ ನಿಲ್ಲಿಸಿದ್ದು ದೊಡ್ಡ ಕೆಲಸ. ಪಿಲಿಕುಳದಲ್ಲಿ ಗುತ್ತಿನ ಮನೆಯನ್ನು ಕಟ್ಟಿ ತೋರಿಸಿದ್ದಾರೆ. ಆದರೆ ಬೈಲಿಲ್ಲದ ಚಾವಡಿಯಲ್ಲಿ ಕುಳಿತರೆ ಕಾಣುವುದು ಟಿಕೆಟ್ ಕೌಂಟರು.

ಆಗಬೇಕಾದ್ದು ದೊಡ್ಡದೇನಲ್ಲ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ರಾಜ್ಯದ ಪುರಾತತ್ವ ಇಲಾಖೆಯ ಜೊತೆ ಸೇರಿ ಹಳೆಯ ದೇವಸ್ಥಾನಗಳ ದುರಸ್ತಿ ಮಾಡುತ್ತ ಬಂದಿದೆ. ಕಲ್ಲು-ಮರದ ಕೆಲಸ ಬಲ್ಲವರು ಈ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ ಎಂಬುದಕ್ಕೆ ಅದೇ ಪುರಾವೆ. ಅದೇ ಕೈಗಳಿಗೆ ಮನೆಗಳ ಕೆಲಸವನ್ನೂ ಕೊಡುವ ಒಂದು ನಿಧಿ, ಹೆಂಚಿನ ಮಾಡು ಉಳಿಸಿಕೊಂಡವರಿಗೆ ಪಂಚಾಯತು ಮನೆತೆರಿಗೆಯಲ್ಲಿ ಒಂದಿಷ್ಟು ರಿಯಾಯಿತಿ, ಇಷ್ಟಕ್ಕೆ ಹೊಸ ಕಾಯಿದೆ ಬೇಕಿಲ್ಲ, ಮನಸ್ಸು ಬೇಕು. ಕೆಡವಲೇಬೇಕಾದ ಮನೆಗೂ ಒಂದು ದಿನದ ಸಾವಧಾನ ಕೊಡಬಹುದು. ಪಿ. ಗುರುರಾಜ ಭಟ್ಟರು ತುಳುನಾಡಿನ ದೇವಸ್ಥಾನಗಳನ್ನು ಒಂದೊಂದಾಗಿ ನೋಡಿ, ಬರೆದಿಟ್ಟು, 1975ರಲ್ಲಿ ಪುಸ್ತಕ ಮಾಡಿದರು. ಮನೆಗಳಿಗೆ ಅಂಥ ಲೆಕ್ಕ ಇಡುವ ಕೆಲಸ ವಾಮದಪದವಿನ ಕಾಲೇಜಿನ ಮಕ್ಕಳೂ ಮಾಡಬಲ್ಲದ್ದು. ಟೇಪು, ಪೆನ್ಸಿಲು, ಒಂದು ಮೊಬೈಲು ಸಾಕು. ಆದ್ದರಿಂದ ಈ ಬೇಸಗೆಯಲ್ಲಿ ಮನೆ ಬಿಚ್ಚಿಸುವ ಯೋಚನೆಯಲ್ಲಿ ಇರುವವರಲ್ಲಿ ಒಂದು ಕೋರಿಕೆ: ಜೆಸಿಬಿಗೆ ಫೋನು ಮಾಡುವ ಮುಂಚೆ ಚಾವಡಿಯ ಉದ್ದಗಲ ಅಳೆಸಿ, ಕಂಬ, ದಾರಂದಗಳ ಫೋಟೊ ತೆಗೆಸಿ, ಮನೆ ಕಟ್ಟಿದ ಆಚಾರಿಯ ಹೆಸರು ಮನೆಯ ಹಿರಿಯರಿಗೆ ಗೊತ್ತಿದ್ದರೆ ಅದನ್ನೂ ಬರೆಸಿಡಿ.